ಮುಸುರೆ ತೊಳೆದ ಯಂತ್ರಗಳು

ಹಳೆಯ ನಾಣ್ಯಗಳನ್ನು ಕೂಡಿಡುವವರನ್ನು ನಾವೆಲ್ಲ ಬಲ್ಲೆವು. ಅಂಚೆಚೀಟಿಗಳನ್ನು, ಗ್ರಾಮಫೋನ್ ತಟ್ಟೆಗಳನ್ನು, ತಾಳೆಗರಿಯ ಕಟ್ಟುಗಳನ್ನು ಕೂಡಿಡುವವರನ್ನೂ ಬಲ್ಲೆವು. ಇಂಥವರ ಹವ್ಯಾಸಕ್ಕೆ ಸಮಾಜದಲ್ಲಿ ಒಂದು ಮನ್ನಣೆಯಿದೆ. ಆದರೆ ಎಂಜಲು ತಟ್ಟೆ ತೊಳೆಯುವ ಹಳೆಯ ಯಂತ್ರಗಳನ್ನು ಊರೂರು ಅಲೆದು ಹುಡುಕಿ ತಂದು, ಒರೆಸಿ, ಎಣ್ಣೆ ಹಾಕಿ, ಅವುಗಳ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಸಂಗೀತ ಕಛೇರಿ ಕೇಳುವವರಂತೆ ತಲೆದೂಗುವವರು ಈ ಲೋಕದಲ್ಲಿದ್ದಾರೆಂದರೆ ಕೇಳುಗರು ನಗಬಹುದು. ಮೂರು ವರ್ಷಗಳ ಹಿಂದೆ ಅಂಥ ಒಬ್ಬರನ್ನು ಕಣ್ಣಾರೆ ಕಾಣುವವರೆಗೆ ನಾನೂ ನಗುತ್ತಿದ್ದೆನೋ ಏನೋ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗಿನ ಮಾತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮೇಷ್ಟರಿಗೆ ಮೇಷ್ಟರು ಸಿಕ್ಕರೆ ಮಾತಿಗೆ ಬರವೆ? ನಮ್ಮಿಬ್ಬರ ಸ್ನೇಹ ಬೇಗನೆ ಬೆಳೆಯಿತು. ಒಂದು ಸಂಜೆ ಅವರು, "ಪ್ರೊಫೆಸರೇ, ಊಟವಾದ ಮೇಲೆ ಬನ್ನಿ, ನಿಮಗೊಂದು ಸದ್ದು ಕೇಳಿಸುತ್ತೇನೆ" ಎಂದು ಕರೆದರು. ಹೋದೆ. ಕಾರು ನಿಲ್ಲಿಸುವ ಕೊಠಡಿಯೊಳಗೆ ಏಳು ಯಂತ್ರಗಳು ಸಾಲಾಗಿ ನಿಂತಿದ್ದವು. ಕಾರು ಮಾತ್ರ ಹೊರಗೆ ಹಿಮದಲ್ಲಿ ನೆನೆಯುತ್ತಿತ್ತು.

ಆ ಸಾಲಿನಲ್ಲಿ ಒಂದು ಮೇಲ್ಗಡೆ ಮುಚ್ಚಳ ತೆರೆಯುವಂಥದು. ಅದರ ತಳದಲ್ಲಿ ವಿಮಾನದ ರೆಕ್ಕೆಗಾಳಿಯನ್ನು ಹೋಲುವ ಒಂದು ಬಿಲ್ಲೆ. ತಳದಲ್ಲಿ ನಿಂತ ನೀರನ್ನು ಅದು ಗಿರ್ರನೆ ತಿರುಗಿ ತಟ್ಟೆಗಳ ಮೇಲೆ ಎರಚುತ್ತದೆ. ಇನ್ನೊಂದು ಕಿಚನ್‌ಏಡ್ ಎಂಬ ಹೆಸರಿನದು. ಒಳಗೆ ಪಿಂಗಾಣಿ ಲೇಪದ ಉಕ್ಕಿನ ತೊಟ್ಟಿ, ತೂತುಗಳಿಂದ ನೀರು ಚಿಮ್ಮಿಸುತ್ತ ಸುತ್ತುವ ಉದ್ದನೆಯ ತೋಳು. ಮತ್ತೊಂದಕ್ಕೆ ಗಾಲಿಗಳಿದ್ದವು. ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿಟ್ಟು, ಬೇಕಾದಾಗ ನಲ್ಲಿಯ ಬಳಿಗೆ ತಳ್ಳಿಕೊಂಡು ಬಂದು, ರಬ್ಬರ್ ಕೊಳವೆಯನ್ನು ನಲ್ಲಿಯ ಮೂತಿಗೆ ಸಿಕ್ಕಿಸುವುದು ಅದರ ಕ್ರಮ. ಅದರ ಬಣ್ಣ ಮಾಗಿದ ಗೋಧಿಯ ತೆನೆಯ ಹಳದಿ. 1970ರ ದಶಕದಲ್ಲಿ ಆ ದೇಶದ ಅಡುಗೆಮನೆಗಳೆಲ್ಲ ಈ ಹಳದಿ ಅಥವಾ ಬೆಣ್ಣೆಹಣ್ಣಿನ ಹಸಿರು ಬಣ್ಣವನ್ನೇ ಉಟ್ಟಿದ್ದವಂತೆ. ಪ್ರತಿಯೊಂದು ಯಂತ್ರದ ಮೇಲೂ ಅವರು ಒಂದು ಚೀಟಿ ಅಂಟಿಸಿದ್ದರು. ತಯಾರಾದ ವರ್ಷ, ತಂದ ಊರು, ಅದನ್ನು ಬಳಸಿದ ಗೃಹಿಣಿಯ ಹೆಸರು ಇವಿಷ್ಟೂ ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದವು.

ಅವರು ಒಂದು ಯಂತ್ರದ ಲೋಹದ ಬಾಗಿಲನ್ನು ಕಳಚಿ ಅದರ ಜಾಗಕ್ಕೆ ಪಾರದರ್ಶಕವಾದ ಹಲಗೆಯನ್ನು ಕೂರಿಸಿದ್ದರು, ಒಳಗಿನ ಲೀಲೆಯನ್ನು ನೋಡಲೆಂದು. ಮೊಟ್ಟೆಯ ಹಳದಿ ಮೆತ್ತಿ ಒಣಗಿದ ತಟ್ಟೆಗಳನ್ನು ಒಳಗಿರಿಸಿ ಗುಂಡಿಯನ್ನು ತಿರುಗಿಸಿದರು. ಮೊದಲು ನೀರು ತುಂಬುವ ಸುಯ್ಯೆಂಬ ಶಬ್ದ. ಆಮೇಲೆ ಮಳೆಗಾಲದಲ್ಲಿ ತಗಡಿನ ಸೂರಿನ ಮೇಲೆ ನೀರು ಅಪ್ಪಳಿಸುವಂಥ ಭೋರ್ಗರೆತ. ನಡುನಡುವೆ ಕಾಲಮಾಪಕದ ಹಲ್ಲು ಸರಿಯುವ ಟಿಕ್ಕೆಂಬ ಸದ್ದು. ಆ ಒಂದೊಂದು ಸದ್ದಿಗೂ ಅವರು ಬೆರಳೆತ್ತಿ, ಈಗ ತೊಳೆತ, ಈಗ ಬಸಿತ, ಈಗ ಜಾಲಾಟ ಎಂದು ನನಗೆ ವಿವರಿಸಿದರು.

ಕೊನೆಗೆ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಅವರ ತಾಯಿಗೆ ನಾಲ್ವರು ಮಕ್ಕಳು. ರಾತ್ರಿಯೂಟವಾದ ಮೇಲೆ ಆಕೆ ನಲ್ಲಿಯ ಮುಂದೆ ನಿಂತರೆ ಮಕ್ಕಳಿಗೆ ಕಾಣುತ್ತಿದ್ದುದು ಆಕೆಯ ಬೆನ್ನು ಮಾತ್ರ. ಮನೆಗೆ ಯಂತ್ರ ಬಂದ ವರ್ಷದಿಂದ ಅದು ಭೋರ್ಗರೆಯುವಷ್ಟು ಹೊತ್ತು ತಾಯಿ ಮಕ್ಕಳ ಪಕ್ಕದಲ್ಲಿ ಕೂತು ಕಥೆ ಓದುತ್ತಿದ್ದಳಂತೆ. "ಈ ಸದ್ದು ಕೇಳಿದರೆ ನನಗೆ ಅಮ್ಮನ ಮುಖ ಕಾಣುತ್ತದೆ" ಎಂದರು ಆ ಮುದುಕರು.

ಆ ಮಾತು ನನ್ನನ್ನು ಈ ಯಂತ್ರದ ಚರಿತ್ರೆಯ ಕಡೆಗೆ ತಿರುಗಿಸಿತು. ನೋಡಿದರೆ ಇಲಿನಾಯ್ ರಾಜ್ಯವೇ ಅದರ ತವರು. ಪಾತ್ರೆ ತೊಳೆಯುವ ಸಾಧನಕ್ಕೆ ಅಮೆರಿಕದಲ್ಲಿ ಮೊದಲು ಪೇಟೆಂಟ್ ಪಡೆದವನು ಜೋಯೆಲ್ ಹೌಟನ್, 1850ರಲ್ಲಿ. ಅದು ಮರದ್ದು, ಕೈಯಿಂದ ಚಕ್ರ ತಿರುಗಿಸಿದರೆ ನೀರು ಪಾತ್ರೆಗಳ ಮೇಲೆ ಚಿಮ್ಮುತ್ತಿತ್ತು, ಪಾತ್ರೆಗಳು ಅಷ್ಟಾಗಿ ಶುಚಿಯಾಗುತ್ತಿರಲಿಲ್ಲ. ನಿಜವಾಗಿ ಕೆಲಸ ಮಾಡುವ ಯಂತ್ರವನ್ನು ರೂಪಿಸಿದವಳು ಇಲಿನಾಯ್‌ನ ಶೆಲ್ಬಿವಿಲ್ ಎಂಬ ಸಣ್ಣ ಪಟ್ಟಣದ ಜೋಸೆಫೀನ್ ಕಾಕ್ರೇನ್. ಹುಟ್ಟಿದ್ದು 1839ರಲ್ಲಿ. ಅನುಕೂಲಸ್ಥರ ಮನೆ; ಔತಣಗಳು ಮೇಲಿಂದ ಮೇಲೆ ನಡೆಯುತ್ತಿದ್ದವು. ಮನೆತನದ ಹಳೆಯ ಪಿಂಗಾಣಿ ತಟ್ಟೆಗಳ ಅಂಚನ್ನು ಆಳುಗಳು ತೊಳೆಯುವಾಗ ಮುಕ್ಕು ಮಾಡುತ್ತಿದ್ದರೆಂಬ ಸಂಕಟದಿಂದ ಆಕೆಗೆ ಯಂತ್ರದ ಯೋಚನೆ ಹುಟ್ಟಿತೆಂದು ಪ್ರತೀತಿ. 1883ರಲ್ಲಿ ಗಂಡ ತೀರಿಕೊಂಡಾಗ ಸಾಲ ಉಳಿಯಿತು. ಹವ್ಯಾಸವಾಗಿದ್ದ ಯೋಚನೆ ಈಗ ಜೀವನೋಪಾಯವಾಯಿತು. ಜಾರ್ಜ್ ಬಟರ್ಸ್ ಎಂಬ ಯಂತ್ರಕರ್ಮಿಯ ನೆರವು ಪಡೆದು, ಮನೆಯ ಹಿಂದಿನ ಸೌದೆಕೊಟ್ಟಿಗೆಯಲ್ಲಿ ಯಂತ್ರವನ್ನು ಕಟ್ಟಿದಳು. 1886ರ ಡಿಸೆಂಬರ್ 28ರಂದು ಆಕೆಗೆ 3,55,139ನೆಯ ಸಂಖ್ಯೆಯ ಪೇಟೆಂಟ್ ದೊರೆಯಿತು.

ಯಂತ್ರದ ತತ್ತ್ವ ಸರಳ. ತಟ್ಟೆ, ಬಟ್ಟಲು, ಬಸಿಗಳ ಅಳತೆಗೆ ತಕ್ಕ ತಂತಿಯ ಗೂಡುಗಳನ್ನು ಒಂದು ಚಕ್ರಕ್ಕೆ ಜೋಡಿಸಿ, ಆ ಚಕ್ರವನ್ನು ತಾಮ್ರದ ಹಂಡೆಯೊಳಗೆ ಮಲಗಿಸುವುದು. ಚಕ್ರ ತಿರುಗುವಾಗ ಕೆಳಗಿನಿಂದ ಬಿಸಿ ಸಾಬೂನುನೀರನ್ನು ರಭಸವಾಗಿ ಚಿಮ್ಮಿಸುವುದು. ತಿಕ್ಕುವ ಕೈಯ ಕೆಲಸವನ್ನು ನೀರಿನ ರಭಸಕ್ಕೆ ಒಪ್ಪಿಸಿದುದೇ ಆಕೆಯ ಜಾಣ್ಮೆ. ಇಂದಿನ ಯಂತ್ರಗಳೂ ಇದೇ ದಾರಿಯಲ್ಲಿವೆ.

ಆಕೆ ತನ್ನ ಯಂತ್ರವನ್ನು ಷಿಕಾಗೋ ನಗರದ ದೊಡ್ಡ ಹೋಟೆಲುಗಳಿಗೆ ತಾನೇ ಹೋಗಿ ಮಾರಬೇಕಾಯಿತು. ತಂದೆಯೋ ಗಂಡನೋ ಜೊತೆಗಿಲ್ಲದೆ ಎಲ್ಲಿಗೂ ಹೋಗಿ ಗೊತ್ತಿರದ ಹೆಂಗಸಿಗೆ ಷರ್ಮನ್ ಹೌಸ್ ಹೋಟೆಲಿನ ವಿಶಾಲವಾದ ಮುಂಗೋಣೆಯನ್ನು ಒಂಟಿಯಾಗಿ ದಾಟುವುದೇ ಯಂತ್ರ ಕಟ್ಟುವುದಕ್ಕಿಂತ ಹೆಚ್ಚಿನ ಪರೀಕ್ಷೆಯಾಗಿ ಕಂಡಿತಂತೆ. ಅಡಿ ಅಡಿಗೂ ಎಲ್ಲಿ ಬವಳಿ ಬಂದು ಬೀಳುವೆನೋ ಎನಿಸಿತ್ತೆಂದು ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಬರುವಾಗ ಬೇಡಿಕೆಪತ್ರವನ್ನು ಕೈಯಲ್ಲಿ ಹಿಡಿದೇ ಬಂದಳು. 1893ರ ಷಿಕಾಗೋ ವಿಶ್ವಮೇಳ ನಮಗೆ ಸ್ವಾಮಿ ವಿವೇಕಾನಂದರಿಂದಾಗಿ ಪರಿಚಿತವಾದದ್ದು. ಅದೇ ಮೇಳದ ಭೋಜನಶಾಲೆಗಳಲ್ಲಿ ಕಾಕ್ರೇನಳ ಯಂತ್ರಗಳು ತಟ್ಟೆ ತೊಳೆದು ಬಹುಮಾನವನ್ನೂ ಪಡೆದವು.

ಹೋಟೆಲುಗಳು ಒಪ್ಪಿದ ಯಂತ್ರವನ್ನು ಮನೆಗಳು ಒಪ್ಪಲಿಲ್ಲ. ಅಷ್ಟು ಬಿಸಿನೀರನ್ನು ಒಮ್ಮೆಗೇ ಒದಗಿಸುವ ವ್ಯವಸ್ಥೆ ಆ ಕಾಲದ ಸಾಮಾನ್ಯ ಮನೆಗಳಲ್ಲಿ ಇರಲಿಲ್ಲ. ಗಡಸು ನೀರಿನಲ್ಲಿ ಸಾಬೂನು ಕರಗದೆ ಕಿಟ್ಟವಾಗುತ್ತಿತ್ತು. 1913ರಲ್ಲಿ ಆಕೆ ತೀರಿಕೊಂಡಾಗಲೂ ಅದು ಹೋಟೆಲು, ಆಸ್ಪತ್ರೆಗಳ ಸೊತ್ತಾಗಿಯೇ ಇತ್ತು. ಮನೆಬಳಕೆಗೆಂದು ಮುಂದುಗಡೆ ಬಾಗಿಲು, ತಂತಿಯ ಹಲ್ಲೆ, ತಿರುಗುವ ಚಿಮ್ಮುಗೊಳವೆಗಳಿರುವ ಚಿಕ್ಕ ಯಂತ್ರವನ್ನು ಇಂಗ್ಲೆಂಡಿನಲ್ಲಿ 1924ರಲ್ಲಿ ರೂಪಿಸಿದವನು ವಿಲಿಯಂ ಹೋವರ್ಡ್ ಲಿವೆನ್ಸ್. ಮೊದಲನೆಯ ಮಹಾಯುದ್ಧದಲ್ಲಿ ಶತ್ರುವಿನ ಕಂದಕಗಳಿಗೆ ವಿಷಾನಿಲದ ಪೀಪಾಯಿಗಳನ್ನು ಎಸೆಯುವ ಆಯುಧವನ್ನು ಕಂಡುಹಿಡಿದವನೂ ಅವನೇ! ಜರ್ಮನಿಯ ಮೀಲೆ ಸಂಸ್ಥೆ 1929ರಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನು ಹೊರತಂದಿತು. ಕಾಕ್ರೇನಳ ಸಂಸ್ಥೆಯನ್ನು 1926ರಲ್ಲಿ ಕೊಂಡಿದ್ದ ಹೋಬಾರ್ಟ್ ಕಂಪನಿಯವರು 1949ರಲ್ಲಿ ಕಿಚನ್‌ಏಡ್ ಎಂಬ ಹೆಸರಿನಲ್ಲಿ ಗೃಹಬಳಕೆಯ ಯಂತ್ರವನ್ನು ಮಾರುಕಟ್ಟೆಗೆ ತಂದರು. 1955ರಲ್ಲಿ ಕ್ಯಾಸ್ಕೇಡ್ ಎಂಬ ಪುಡಿ ಬಂತು. ನೊರೆ ಬಂದರೆ ಚಿಮ್ಮುವ ನೀರಿನ ಬಲ ಕುಗ್ಗುತ್ತದೆ. ಆದ್ದರಿಂದ ಈ ಯಂತ್ರಕ್ಕೆ ನೊರೆ ಬಾರದ ಸಾಬೂನುಪುಡಿಯೇ ಬೇಕು.

ಎರಡನೆಯ ಮಹಾಯುದ್ಧಾನಂತರ ಈ ಯಂತ್ರ ಸುಖಸಂಸಾರದ ಲಾಂಛನವಾಯಿತು. ಎಷ್ಟರಮಟ್ಟಿಗೆಂದರೆ ಜಗತ್ತಿನ ರಾಜಕಾರಣದೊಳಕ್ಕೂ ಅದು ಹೊಕ್ಕಿತು. 1959ರ ಜುಲೈ 24ರಂದು ಮಾಸ್ಕೋದಲ್ಲಿ ನಡೆದ ಅಮೆರಿಕದ ವಸ್ತುಪ್ರದರ್ಶನದಲ್ಲಿ ಉಪಾಧ್ಯಕ್ಷ ನಿಕ್ಸನ್ನರು ಮಾದರಿ ಅಡುಗೆಮನೆಯೊಂದರಲ್ಲಿ ಈ ಯಂತ್ರವನ್ನು ಬೆರಳಿಟ್ಟು ತೋರಿಸಿ, ತಮ್ಮ ದೇಶದಲ್ಲಿ ಹೆಂಗಸರ ಶ್ರಮವನ್ನು ಕಡಿಮೆ ಮಾಡುವುದು ತಮಗೆ ಇಷ್ಟವೆಂದರು. ಹೆಂಗಸರ ಬಗ್ಗೆ ಇಂಥ ಬಂಡವಾಳಶಾಹಿ ಧೋರಣೆ ತಮ್ಮಲ್ಲಿ ಇಲ್ಲವೆಂದು ಕ್ರುಶ್ಚೇವರು ತಿರುಗಿ ನುಡಿದರು. ಮುಸುರೆಯ ವಿಷಯದಲ್ಲಿ ಇಷ್ಟು ಆವೇಶದಿಂದ ವಾದಿಸಿದ ಇಬ್ಬರೂ ಗಂಡಸರಾಗಿದ್ದರೆಂಬುದನ್ನು ನಾನು ಕೇಳುಗರ ಗಮನಕ್ಕೆ ತರುತ್ತೇನೆ, ಅಷ್ಟೆ.

ನನ್ನ ಸ್ನೇಹಿತರ ಸಂಗ್ರಹದಲ್ಲಿ ಬೇರೆ ಬೇರೆ ಹೆಸರಿನ ಎರಡು ಯಂತ್ರಗಳು ಅಕ್ಕಪಕ್ಕ ನಿಂತಿದ್ದವು. ಅವರು ಎರಡರ ತಳವನ್ನೂ ಬಿಚ್ಚಿ ತೋರಿಸಿದರು. ಒಳಗೆ ಅವಳಿ ಮಕ್ಕಳಷ್ಟೇ ಸಾಮ್ಯ! ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಪಟ್ಟಣದ ಒಂದೇ ಕಾರ್ಖಾನೆಯಲ್ಲಿ ಎರಡೂ ತಯಾರಾದವು. ಅದರ ಒಡೆಯ ವಿಯೆನ್ನಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಸ್ಯಾಮ್ಯುಯೆಲ್ ರೀಗನ್‌ಸ್ಟ್ರೀಫ್. ತನ್ನ ಹೆಸರನ್ನು ಎಲ್ಲೂ ಮೆರೆಸದೆ ಸಿಯರ್ಸ್ ಮೊದಲಾದ ದೊಡ್ಡ ವ್ಯಾಪಾರಿಗಳಿಗೆ ಅವರವರ ಹೆಸರಿನಲ್ಲಿ ಯಂತ್ರ ತಯಾರಿಸಿಕೊಟ್ಟು, ಬೆಲೆಯನ್ನು ಸಾಮಾನ್ಯರ ಕೈಗೆ ಎಟುಕುವಂತೆ ಇಳಿಸಿದವನು. ಹಾಗೆ ಗಳಿಸಿದ ಹಣದಿಂದ ಇಂಡಿಯಾನಾಪೊಲಿಸ್ ನಗರದಲ್ಲಿ 1969ರಲ್ಲಿ ಆರಂಭವಾದ ವೈದ್ಯಕೀಯ ಸಂಶೋಧನಾಲಯ, ರೋಗಿಗಳ ದಾಖಲೆಗಳನ್ನು ಗಣಕಯಂತ್ರದಲ್ಲಿ ಇರಿಸುವ ವಿದ್ಯೆಗೆ ಹೆಸರಾಯಿತು. ಪಾತ್ರೆ ತೊಳೆಯುವ ಯಂತ್ರದಿಂದ ಹುಟ್ಟಿದ ಪುಣ್ಯ ಎಲ್ಲೆಲ್ಲಿ ಫಲಿಸಿತು ನೋಡಿ.

ಇಂಥ ಯಂತ್ರಗಳಿಗಾಗಿ ಇಂದು ಹಂಬಲಿಸುವವರು ಹಳೆಯದು ಗಟ್ಟಿಮುಟ್ಟಾಗಿತ್ತು, ಕೆಟ್ಟರೆ ತಿರುಪುಳಿಯೊಂದರಿಂದ ಸರಿಪಡಿಸಬಹುದಾಗಿತ್ತು, ಒಂದು ಗಂಟೆಯೊಳಗೆ ಕೆಲಸ ಮುಗಿಸುತ್ತಿತ್ತು ಎನ್ನುತ್ತಾರೆ. ಹೊಸದು ಎರಡು ಗಂಟೆಗೂ ಮಿಗಿಲಾಗಿ ಓಡುತ್ತದೆ. ಅದೂ ಎಷ್ಟು ನಿಶ್ಶಬ್ದವಾಗಿ ಎಂದರೆ ಓಡುತ್ತಿದೆಯೆಂದು ತಿಳಿಸಲು ಕೆಲವು ಯಂತ್ರಗಳು ನೆಲದ ಮೇಲೆ ಕೆಂಪು ಬೆಳಕಿನ ಚುಕ್ಕೆಯೊಂದನ್ನು ಬೀಳಿಸುತ್ತವೆ. ಹಂಬಲಕ್ಕೆ ಕಾರಣವಿದೆ, ನಿಜ. ಆದರೆ ಚರಿತ್ರೆ ಓದುವವನು ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಾಗುತ್ತದೆ. ಹಳೆಯ ಯಂತ್ರ ಒಂದು ಸಲಕ್ಕೆ ನಲವತ್ತು ಲೀಟರಿಗೂ ಹೆಚ್ಚು ನೀರು ಕುಡಿಯುತ್ತಿತ್ತು. 2013ರಲ್ಲಿ ಜಾರಿಗೆ ಬಂದ ಅಮೆರಿಕದ ನಿಯಮದ ಪ್ರಕಾರ ಸಾಧಾರಣ ಗಾತ್ರದ ಯಂತ್ರ ಸುಮಾರು ಹತ್ತೊಂಬತ್ತು ಲೀಟರನ್ನು ಮೀರಕೂಡದು. ಹಳೆಯ ಪುಡಿಯಲ್ಲಿ ಫಾಸ್ಫೇಟ್ ಧಾರಾಳವಾಗಿತ್ತು. ಗಡಸು ನೀರಿನ ಸುಣ್ಣದ ಅಂಶವನ್ನು ಅದು ಹಿಡಿದಿಟ್ಟು ಗಾಜಿನ ಲೋಟಗಳು ಫಳಫಳಿಸುವಂತೆ ಮಾಡುತ್ತಿತ್ತು. ಅದೇ ಫಾಸ್ಫೇಟ್ ಕೆರೆ ಸರೋವರಗಳನ್ನು ಸೇರಿ ಪಾಚಿಗೆ ಗೊಬ್ಬರವಾಗಿ, ಪಾಚಿ ಕೊಳೆತು ನೀರಿನ ಪ್ರಾಣವಾಯು ಬತ್ತಿ, ಮೀನುಗಳು ಸಾಯುತ್ತಿದ್ದವು. 2010ರ ಜುಲೈಯಿಂದ ಅಲ್ಲಿನ ಹದಿನಾರು ರಾಜ್ಯಗಳು ಫಾಸ್ಫೇಟನ್ನು ನಿರ್ಬಂಧಿಸಿದವು. ತಯಾರಕರು ದೇಶಕ್ಕೆಲ್ಲ ಅದನ್ನು ಬಿಟ್ಟರು. ಹಳೆಯ ಯಂತ್ರಗಳ ಪ್ರೇಮಿಗಳಲ್ಲಿ ಕೆಲವರು ಈಗಲೂ ಫಾಸ್ಫೇಟನ್ನು ಬೇರೆಯಾಗಿ ಕೊಂಡು ಹೊಸ ಪುಡಿಗೆ ಬೆರೆಸುತ್ತಾರೆ. ನನ್ನ ಸ್ನೇಹಿತರು ರಸಾಯನಶಾಸ್ತ್ರದ ಮೇಷ್ಟರಾದ್ದರಿಂದ ಈ ಮಾತು ಬಂದಾಗ ನಾಚಿ ನಕ್ಕರು. "ತಪ್ಪೆಂದು ಗೊತ್ತು, ವರ್ಷಕ್ಕೊಮ್ಮೆ, ಅಮ್ಮನ ಹುಟ್ಟಿದ ಹಬ್ಬದಂದು ಮಾತ್ರ" ಎಂದರು.

ಹಂಬಲ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಮರೆಯುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಕಾಕ್ರೇನಳ ಕಥೆಯನ್ನೇ ಮತ್ತೊಮ್ಮೆ ನೋಡಿ. ತಟ್ಟೆ ಮುಕ್ಕಾಯಿತೆಂಬುದು ಚರಿತ್ರೆಯಲ್ಲಿ ಉಳಿದಿದೆ. ಆ ತಟ್ಟೆಗಳನ್ನು ದಿನವೂ ತೊಳೆದ ಆಳುಗಳ ಹೆಸರು ಆ ಕಥೆಯಲ್ಲಿ ಎಲ್ಲೂ ಬರುವುದಿಲ್ಲ. ಆ ದೇಶದಲ್ಲಿ ಈ ಕೆಲಸ ಮಾಡಿದವರು ಬಹುಮಟ್ಟಿಗೆ ಐರ್ಲೆಂಡ್ ಮೊದಲಾದ ಕಡೆಗಳಿಂದ ವಲಸೆ ಬಂದ ಬಡ ಹೆಣ್ಣುಮಕ್ಕಳು ಮತ್ತು ಕಪ್ಪು ಜನಾಂಗದ ಹೆಂಗಸರು. ದುಡಿಯುವವರಿಗೆ ಮುಪ್ಪಿನಲ್ಲಿ ಆಸರೆಯಾಗಲೆಂದು 1935ರಲ್ಲಿ ಬಂದ ಸಾಮಾಜಿಕ ಭದ್ರತಾ ಕಾಯಿದೆ ಮನೆಗೆಲಸದವರನ್ನು ಹೊರಗಿಟ್ಟೇ ಬಂತು. ಆಳುಗಳು ಮಧ್ಯಮವರ್ಗದ ಮನೆಗಳಿಂದ ಮರೆಯಾದ ಮೇಲೆ ಆ ಹೊರೆಯನ್ನು ಹೊತ್ತವಳು ಮನೆಯೊಡತಿ. ಯಂತ್ರಗಳು ಬಂದರೂ ಆಕೆಯ ದುಡಿಮೆಯ ಗಂಟೆಗಳು ಅಷ್ಟೇನೂ ಇಳಿಯಲಿಲ್ಲವೆಂದು ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರ್ತಿ 1983ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಒಂದು ಕೆಲಸ ಇಳಿದರೆ ಶುಚಿತ್ವದ ಮಟ್ಟ ಏರಿ ಇನ್ನೊಂದು ಕೆಲಸ ಹುಟ್ಟುತ್ತದೆ ಎಂಬುದು ಅವರ ತರ್ಕ. ಹೀಗಿದ್ದರೂ ನನ್ನ ಸ್ನೇಹಿತರ ತಾಯಿಗೆ ಸಿಕ್ಕ ಆ ಒಂದು ಗಂಟೆ ಸುಳ್ಳಾಗುವುದಿಲ್ಲ.

ಮಗಳ ಮನೆಯಲ್ಲಿ ಈ ಯಂತ್ರಕ್ಕೆ ಇನ್ನೊಂದು ಅವತಾರವಿತ್ತು. ಆಕೆಯ ಅತ್ತೆಯವರು ಕುಕ್ಕರು ಬಾಣಲೆಗಳನ್ನೆಲ್ಲ ಕೈಯಲ್ಲೇ ತಿಕ್ಕಿ ತೊಳೆದು, ನೀರು ಬಸಿಯಲೆಂದು ಯಂತ್ರದೊಳಗೆ ಬೋರಲು ಹಾಕುತ್ತಿದ್ದರು! ಅಲ್ಲಿಯ ಕನ್ನಡದ ಮನೆಗಳಲ್ಲಿ ಇದು ಅಪರೂಪದ ನೋಟವಲ್ಲ. ನಾವು ಮಾತ್ರ ಹೀಗೆ ಎಂದುಕೊಳ್ಳಬೇಕಾಗಿಯೂ ಇಲ್ಲ. 2015ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಯಂತ್ರವಿರುವ ಐದು ಮನೆಗಳಲ್ಲಿ ಸುಮಾರು ಒಂದು ಮನೆ ಅದನ್ನು ಬಳಸುವುದೇ ಇಲ್ಲ. "ಯಂತ್ರ ತೊಳೆದರೆ ಮುಸುರೆ ಹೋಗುತ್ತದೆಯೇ ಬೀಗರೇ?" ಎಂದು ಆ ತಾಯಿ ನನ್ನನ್ನು ಕೇಳಿದರು. ಕನ್ನಡ ಮೇಷ್ಟರಿಗೆ ಇದು ಶಬ್ದಾರ್ಥದ ಪ್ರಶ್ನೆ. ಬಾಯಿ ತಾಗಿದ್ದು ಎಂಜಲು, ಬೆಂದ ಅನ್ನ ತಾಗಿದ್ದು ಮುಸುರೆ. ಈ ಭೇದವನ್ನು ನಾನು ಪಕ್ಕದ ಮನೆಯ ಸ್ನೇಹಿತರಿಗೆ ಇಂಗ್ಲಿಷಿನಲ್ಲಿ ಹೇಳಹೊರಟು ಸೋತೆ. ಕೊಳೆಯಿಲ್ಲದ ಪಾತ್ರೆಯೂ ಹೇಗೆ ಮುಸುರೆಯಾಗಿರಬಲ್ಲದು, ಅದನ್ನು ಯಾರು ಮುಟ್ಟಬೇಕು, ಯಾರು ಮುಟ್ಟಬಾರದು, ತಿಕ್ಕಿದವರು ಒಳಗೆ ಬಾರದೆ ಹೊರಗೇ ಏಕೆ ನಿಲ್ಲಬೇಕು ಎಂಬುದನ್ನು ವಿವರಿಸುತ್ತ ಹೋದಂತೆ ನನ್ನ ಮಾತು ನನಗೇ ಭಾರವಾಯಿತು.

ಅವರು ಸುಮ್ಮನೆ ಕೇಳಿಸಿಕೊಂಡು, "ನಿಮ್ಮ ಬಾಲ್ಯದಲ್ಲಿ ತೊಳೆಯುತ್ತಿದ್ದವರು ಯಾರು?" ಎಂದರು.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಹಿತ್ತಿಲಲ್ಲಿ ಬಾವಿಯ ಕಟ್ಟೆ, ಅದರ ಪಕ್ಕ ಚಪ್ಪಡಿ ಕಲ್ಲು. ಬೆಳಗಿನ ಜಾವ ನನ್ನನ್ನು ಎಬ್ಬಿಸುತ್ತಿದ್ದುದು ಆ ಕಲ್ಲಿನ ಮೇಲೆ ಹಿತ್ತಾಳೆಯ ಕೊಳದಪ್ಪಲೆ ಉರುಳುವ ಸದ್ದು, ತೆಂಗಿನ ನಾರು ಬೂದಿಯೊಡನೆ ಮಸಿ ಹಿಡಿದ ತಳವನ್ನು ಉಜ್ಜುವ ಸರಸರ ಸದ್ದು. ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ತಿಕ್ಕಲು ಬರುತ್ತಿದ್ದಾಕೆಯ ಅಂಗೈಗಳು ಮಾಗಿಯಲ್ಲಿ ಬಿರಿದು ರಕ್ತ ಒಸರುತ್ತಿದ್ದುದನ್ನು ನಾನು ಕಂಡಿದ್ದೇನೆ. ಆಕೆಯನ್ನು ನಾವೆಲ್ಲ ನಂಜನ ಅವ್ವ ಎನ್ನುತ್ತಿದ್ದೆವು. ನಂಜ ಆಕೆಯ ಮಗ.

"ನಂಜನ ತಾಯಿ" ಎಂದೆ. "ಅದು ಮಗನ ಹೆಸರಾಯಿತು, ಆಕೆಯ ಹೆಸರು?" ಎಂದು ಅವರು ಕೇಳಿದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಚೀಟಿಯಲ್ಲಿ ಹೆಸರು ಬರೆಯುವ ಸಂಗ್ರಾಹಕರ ಸಹಜವಾದ ಕುತೂಹಲ ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಹಿರಿಯಕ್ಕನನ್ನು ಕೇಳಿದೆ. ಆಕೆಗೆ ಈಗ ಎಂಬತ್ತರ ಹತ್ತಿರ. ಯಾವ ತಂಬಿಗೆ ಯಾರ ಮದುವೆಯಲ್ಲಿ ಬಂತು, ಯಾವ ಹಂಡೆಗೆ ಯಾವ ಸಂತೆಯಲ್ಲಿ ಎಷ್ಟು ಕೊಟ್ಟರು ಎಂಬುದೆಲ್ಲ ಆಕೆಗೆ ನಾಲಗೆಯ ತುದಿಯಲ್ಲಿದೆ. ನಂಜನ ಅವ್ವನ ಹೆಸರು ಆಕೆಗೂ ಗೊತ್ತಿಲ್ಲ. "ಯಾರು ಕೇಳಿದ್ರೋ ಆಗ?" ಎಂದು ಸುಮ್ಮನಾದಳು.

ಹೀಗೆ ಹೆಸರಿಲ್ಲದೆ ಹೋದವರ ಸಾಲು ನಮ್ಮಲ್ಲಿ ಉದ್ದವಾದುದು. ಕರ್ನಾಟಕದಲ್ಲಿ ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಪಡಿಸಿದ್ದು 2004ರಲ್ಲಿ. 2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ಊರುಗಳು ಬಾಗಿಲು ಹಾಕಿದಾಗ ನಗರದ ಮನೆಗಳವರು ತಮ್ಮ ಪಾತ್ರೆಗಳ ಎದುರು ತಾವೇ ನಿಂತರು. ಪಾತ್ರೆ ತೊಳೆಯುವ ಯಂತ್ರಗಳಿಗೆ ಆಗ ನಮ್ಮ ದೇಶದಲ್ಲಿ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟಿತು. ಇನ್ನು ಐವತ್ತು ವರ್ಷಗಳ ಮೇಲೆ ನಮ್ಮ ಮೊಮ್ಮಕ್ಕಳು ಆ ಯಂತ್ರಗಳನ್ನು ಅಕ್ಕರೆಯಿಂದ ಕೂಡಿಟ್ಟರೆ ನಾನು ಆಶ್ಚರ್ಯಪಡಲಾರೆ. ಆದರೆ ಯಂತ್ರ ಬರುವುದಕ್ಕೆ ಮುಂಚೆ ಬಾಗಿಲಲ್ಲಿ ನಿಂತು ಪಾತ್ರೆ ಈಸಿಕೊಂಡವರು ಯಾರೆಂದು ಅವರಿಗೆ ಹೇಳುವವರಾದರೂ ಯಾರು?

ನನ್ನ ಮನೆಯ ನಡುಮನೆಯಲ್ಲಿ ಗಾಜಿನ ಬೀರುವೊಂದಿದೆ. ಅದರಲ್ಲಿ ಆ ಕಾಲದ ಕೊಳದಪ್ಪಲೆ, ತಂಬಿಗೆ, ಗಿಂಡಿಗಳನ್ನು ಅಲಂಕಾರಕ್ಕೆ ಇಟ್ಟಿದ್ದೇವೆ. ಬಂದವರು ನೋಡಿ ಮೆಚ್ಚುತ್ತಾರೆ. ಅಮೆರಿಕದ ಆ ಹಿರಿಯರನ್ನು ನೋಡಿ ನಾನೂ ಪ್ರತಿಯೊಂದಕ್ಕೂ ಒಂದೊಂದು ಚೀಟಿ ಬರೆದೆ. ವರ್ಷ ಬರೆದೆ, ತಂದ ಊರು ಬರೆದೆ, ನಮ್ಮಮ್ಮನ ಹೆಸರನ್ನೂ ಬರೆದೆ. ಕೆಳಗೆ, ಬೆಳಗಿದವರು ಎಂದು ಬರೆದು, ಅದರ ಮುಂದೆ ನಂಜನ ಅವ್ವ ಎಂದಷ್ಟೇ ಬರೆಯಲು ಸಾಧ್ಯವಾಯಿತು. ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಹಿರಿಯರು ಇನ್ನೂ ಇದ್ದರೆ, ಅಂಥವರ ಹೆಸರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನನ್ನ ಬಿನ್ನಹ. ಪಾತ್ರೆಗಳು ಹೇಗೂ ಉಳಿಯುತ್ತವೆ.

(ಬಾನುಲಿ ಭಾಷಣದ ಬರಹರೂಪ)